ಬೋವೈನ್, ಕೇನೈನ್, ಫೀಲೈನ್: ಒಂದೇ ಬಾಲದ ಪದಗಳ ಫ್ಲ್ಯಾಶ್‌ಕಾರ್ಡ್ ಡೆಕ್ ಹೆಂಗಿದೆ?

ಇಂಗ್ಲಿಷಲ್ಲಿ ನಾಯಿಗೆ ಡಾಗ್, ಆದ್ರೆ ನಾಯಿಗೆ ಸಂಬಂಧಪಟ್ಟಿದ್ದು ಅನ್ನೋಕೆ ಕೇನೈನ್. ಬೆಕ್ಕು ಕ್ಯಾಟ್, ಅದರ ವಿಶೇಷಣ ಫೀಲೈನ್. ಹಸು ಕೌ, ವಿಶೇಷಣ ಬೋವೈನ್. ಕುದುರೆ ಹಾರ್ಸ್, ವಿಶೇಷಣ ಎಕ್ವೈನ್. ಪ್ರಾಣಿ ಹೆಸರನ್ನೂ ಅದರ ವಿಶೇಷಣವನ್ನೂ ಪಕ್ಕ ಪಕ್ಕ ಇಟ್ರೆ ಒಂದಕ್ಕೊಂದು ಪರಿಚಯನೇ ಇಲ್ಲದ ಹಾಗೆ ಕಾಣತ್ತೆ, ಕೊನೇಲಿರೋ ಐ ಎನ್ ಇ ಅನ್ನೋ ಮೂರಕ್ಷರದ ಬಾಲ ಮಾತ್ರ ಎಲ್ಲಕ್ಕೂ ಒಂದೇ. ಪರೀಕ್ಷೆಗೆ ವೊಕಾಬ್ಯುಲರಿ ಓದೋರು, ಬಯಾಲಜಿ ಪೇಪರ್ ಓದೋರು, ಕಾದಂಬರಿ ಓದ್ತಾ ಓದ್ತಾ ವಲ್ಪೈನ್ ಸ್ಮೈಲ್ ಅಂತ ಬಂದ ತಕ್ಷಣ ಅಲ್ಲೇ ನಿಂತುಬಿಡೋರು, ಎಲ್ಲರಿಗೂ ಈ ಗುಂಪು ಒಂದಲ್ಲ ಒಂದಿನ ಎದುರಾಗತ್ತೆ. ಈ ಒಂದೇ ಗುಂಪನ್ನ ಹಿಡ್ಕೊಂಡು ಮಾಡಿರೋ ಫ್ಲ್ಯಾಶ್‌ಕಾರ್ಡ್ ಡೆಕ್ ಒಂದನ್ನ ಫೋನಿಗೆ ಹಾಕ್ಕೊಂಡು ಸಾಕಷ್ಟು ಬಳಸಿದೀನಿ, ಅದರ ರಿವ್ಯೂ ಇದು. ಹೆಸರು ಬರೆಯಲ್ಲ, ಯಾಕಂದ್ರೆ ಬೈಯೋದೂ ಇದೆ, ಮತ್ತೆ ಈ ಜಾತಿಯ ಡೆಕ್ ಯಾವುದೇ ತಗೊಂಡ್ರೂ ಇಲ್ಲಿ ಹೇಳೋದು ಬಹುಪಾಲು ಅದಕ್ಕೂ ಅನ್ವಯಿಸತ್ತೆ.

ಮೊದಲು ಡೆಕ್ಕಲ್ಲಿ ಏನಿದೆ ಅಂತ. ಕಾರ್ಡಿನ ಮುಂದುಗಡೆ ಪದ, ಒತ್ತಿದ್ರೆ ಉಚ್ಚಾರಣೆ ಕೇಳತ್ತೆ, ತಿರುಗಿಸಿದ್ರೆ ಪ್ರಾಣಿಯ ಚಿತ್ರ, ಒಂದು ಸಾಲಿನ ಅರ್ಥ, ಅದರ ಕೆಳಗೆ ಸಣ್ಣಕ್ಷರದಲ್ಲಿ ಲ್ಯಾಟಿನ್ ಮೂಲ, ಕೊನೇಲಿ ಒಂದು ಉದಾಹರಣೆ ವಾಕ್ಯ. ಇಷ್ಟೇ. ಚಿತ್ರಗಳು ಸರಳ ಗೆರೆ ಚಿತ್ರ, ಕಣ್ಣಿಗೆ ಹಿತ, ಜಾಹೀರಾತಿನ ಕಾಟ ಇಲ್ಲ, ನೆಟ್ ಇಲ್ಲದಿದ್ರೂ ಓಡತ್ತೆ. ದಿನಾ ಬರೋ ಕಾರ್ಡುಗಳನ್ನ ಅದೇ ಆರಿಸ್ಕೊಳ್ಳತ್ತೆ, ಸರಿ ಹೇಳಿದ್ದು ತಡವಾಗಿ ವಾಪಸ್ ಬರತ್ತೆ, ತಪ್ಪಿದ್ದು ಬೇಗ ಬರತ್ತೆ. ಇದೇನು ಇವರು ಕಂಡುಹಿಡಿದಿದ್ದಲ್ಲ ಬಿಡಿ, ಕಲಿತಿದ್ದು ಎಷ್ಟು ಬೇಗ ಮರೆತುಹೋಗತ್ತೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು 1885ರಲ್ಲೇ ಪ್ರಕಟಿಸಿದ್ದ, ಅಂತರ ಬಿಟ್ಟು ಬಿಟ್ಟು ಓದೋ ಎಲ್ಲಾ ಆಪ್‌ಗಳ ಹಿಂದೆ ಇರೋ ಲೆಕ್ಕ ಅಲ್ಲಿಂದ ಶುರುವಾಗಿದ್ದು. ಈ ಡೆಕ್ಕಲ್ಲಿ ಆ ಕೆಲಸ ನೀಟಾಗಿ ನಡೆಯತ್ತೆ, ಅದರ ಬಗ್ಗೆ ದೂರಿಲ್ಲ.

ನಂಗೆ ಡೆಕ್ಕಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಸಣ್ಣಕ್ಷರದ ಮೂಲದ ಸಾಲು. ಹೆಚ್ಚಿನವರು ಅದನ್ನ ಓದದೇ ಮುಂದೆ ಹೋಗ್ತಾರೆ ಅನ್ಸತ್ತೆ, ಆದ್ರೆ ಕನ್ನಡ ಓದೋರಿಗೆ ನಿಜವಾದ ಖಜಾನೆ ಇರೋದು ಅಲ್ಲೇ. ಕೇನೈನ್ ಕಾರ್ಡಲ್ಲಿ ಕ್ಯಾನಿಸ್ ಅಂತಿದೆ, ಅದು ಸಂಸ್ಕೃತದ ಶ್ವನ್, ನಮ್ಮ ಶ್ವಾನಕ್ಕೆ ದಾಯಾದಿ. ಎಕ್ವೈನ್ ಬಂದಿದ್ದು ಎಕ್ವಸ್ ಇಂದ, ಅದೂ ಅಶ್ವವೂ ಒಂದೇ ಬೇರಿನವು. ಸರ್ಪೆಂಟೈನ್ ಬಗ್ಗೆ ಹೇಳೋದೇ ಬೇಡ, ಸರ್ಪ ಎದುರಿಗೇ ಕೂತಿದೆ. ಮ್ಯೂರೈನ್ ಅಂದ್ರೆ ಇಲಿಗೆ ಸಂಬಂಧಿಸಿದ್ದು, ಮೂಲ ಮೂಸ್, ಈ ಕಡೆ ಮೂಷಿಕ. ಬೋವೈನ್ ಅನ್ನೋದು ಬೋಸ್ ಇಂದ, ಅದು ಗೋ ಜೊತೆ ಹುಟ್ಟಿದ್ದು, ಧ್ವನಿ ಸ್ವಲ್ಪ ದೂರ ಹೋಗಿದೆ ಅಷ್ಟೇ. ಆನ್ಸರೈನ್ ಅಂದ್ರೆ ಹೆಬ್ಬಾತಿನಂಥದ್ದು, ಆನ್ಸರ್ ಅನ್ನೋ ಲ್ಯಾಟಿನ್ ಬಾತು ನಮ್ಮ ಹಂಸದ ಬಳಗ. ಅರ್ಸೈನ್ ಕರಡಿಯದ್ದು, ಅರ್ಸಸ್ ಮತ್ತೆ ಋಕ್ಷ ಒಂದೇ ಮನೆ. ಲೂಪೈನ್ ತೋಳದ್ದು, ಲೂಪಸ್‌ಗೂ ವೃಕಕ್ಕೂ ನಂಟು ಇದೆ ಅಂದ್ರೆ ಮೊದಲು ನಂಬೋಕೆ ಕಷ್ಟ, ಆದ್ರೆ ಭೀಮನಿಗೆ ವೃಕೋದರ ಅಂತ ಹೆಸರಿರೋದು ನೆನಪಿದ್ರೆ ತೋಳ ಮರೆಯಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಭಾಷಣ ಮಾಡಿದ್ದನ್ನ ಪುಸ್ತಕದಲ್ಲಿ ಓದಿರ್ತೀವಿ, ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿ ಬಿಟ್ಟಿರ್ತೀವಿ, ಈ ಪ್ರಾಣಿಗಳ ಸಾಲು ನೋಡಿದ್ರೆ ಆತ ಏನು ಹೇಳ್ತಿದ್ದ ಅಂತ ಗೊತ್ತಾಗತ್ತೆ. ಡೆಕ್ ಮಾಡಿದವರು ಇದನ್ನೆಲ್ಲ ಹೇಳಲ್ಲ, ಲ್ಯಾಟಿನ್ ಕೊಟ್ಟು ಸುಮ್ಮನಾಗ್ತಾರೆ. ಆ ಜಾಗದಲ್ಲಿ ನಾವೇ ನೋಟ್ ಸೇರಿಸ್ಕೋಬಹುದು, ಪೆನ್ಸಿಲ್ ಗುರುತಿನ ಬಟನ್ ಇದೆ, ನಾನು ಎಲ್ಲಾ ಕಾರ್ಡಿಗೂ ಶ್ವಾನ, ಅಶ್ವ, ಮೂಷಿಕ ಅಂತ ಬರ್ಕೊಂಡೆ, ಆಮೇಲೆ ಆ ಪದಗಳು ಮರೆತೇ ಹೋಗಿಲ್ಲ.

ಈಗ ಬೈಯೋ ಭಾಗ. ಅರ್ಥದ ಸಾಲು. ಯಾವ ಕಾರ್ಡ್ ತಿರುಗಿಸಿದ್ರೂ ಒಂದೇ ಅಚ್ಚು: ನಾಯಿಗೆ ಸಂಬಂಧಿಸಿದ ಅಥವಾ ನಾಯಿಯಂಥ, ಬೆಕ್ಕಿಗೆ ಸಂಬಂಧಿಸಿದ ಅಥವಾ ಬೆಕ್ಕಿನಂಥ, ಹಂದಿಗೆ ಸಂಬಂಧಿಸಿದ ಅಥವಾ ಹಂದಿಯಂಥ. ಪ್ರಾಣಿ ಮಾತ್ರ ಬದಲಾಗತ್ತೆ. ತಪ್ಪು ಅಂತ ಹೇಳೋಕಾಗಲ್ಲ, ಡಿಕ್ಷನರೀಲೂ ಹಂಗೇ ಇರತ್ತೆ. ಆದ್ರೆ ಆ ವಾಕ್ಯದಲ್ಲಿರೋ ಅಥವಾ ಅನ್ನೋದು ಇದೆಯಲ್ಲ, ಇಡೀ ವಿಷಯ ಕೂತಿರೋದು ಅದರ ಮೇಲೆ. ಸಂಬಂಧಿಸಿದ ಅನ್ನೋದು ಲ್ಯಾಬಿನ ಅರ್ಥ, ಅದರಲ್ಲಿ ಹೊಗಳಿಕೆನೂ ಇಲ್ಲ ಬೈಗುಳನೂ ಇಲ್ಲ. ಅಂಥ ಅನ್ನೋದು ಮನುಷ್ಯರ ಮೇಲೆ ಹಾಕೋ ಅರ್ಥ, ಅಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ಮರ್ಯಾದೆ. ಕೆಲವು ಪದಕ್ಕೆ ಎರಡೂ ಅರ್ಥ ಜೀವಂತ ಇದೆ, ಕೆಲವಕ್ಕೆ ಒಂದು ಸತ್ತಿದೆ, ಕೆಲವಕ್ಕೆ ಎರಡನೇದು ಹುಟ್ಟೇ ಇಲ್ಲ. ಯಾವುದಕ್ಕೆ ಯಾವುದು ಅಂತ ಡೆಕ್ ಒಂದು ಕಡೆನೂ ಹೇಳಲ್ಲ, ಹಾಗಾಗಿ ಡೆಕ್ ಪೂರ್ತಿ ಮುಗಿಸಿದವನು ಯಾರನ್ನೋ ಹೊಗಳೋಕೆ ಹೋಗಿ ಪೋರ್ಸೈನ್ (ಹಂದಿಯಂಥ) ಅಂದ್ರೆ ಆಶ್ಚರ್ಯ ಇಲ್ಲ.

ಈ ವ್ಯತ್ಯಾಸ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ, ಕನ್ನಡದಲ್ಲಿ ದಿನಾ ಮಾಡ್ತೀವಿ. ಪೊಲೀಸರ ಹತ್ರ ಇರೋದು ಶ್ವಾನದಳ, ನಾಯಿದಳ ಅಂತ ಯಾರೂ ಬರೆಯಲ್ಲ. ಬೈಯೋವಾಗ ನಾಯಿಬುದ್ಧಿ, ಶ್ವಾನಬುದ್ಧಿ ಅಂತ ಬೈದ್ರೆ ಬೈಸ್ಕೊಂಡವನೇ ನಕ್ಕುಬಿಡ್ತಾನೆ. ಮೋಟಾರಿಗೆ ಅಶ್ವಶಕ್ತಿ, ಕುದುರೆಶಕ್ತಿ ಅಲ್ಲ. ಅದೇ ಲೆಕ್ಕ ಇಂಗ್ಲಿಷಲ್ಲೂ. ಮನೆಮಾತಿನ ಪದ ಡಾಗ್, ಹಾರ್ಸ್, ಪಿಗ್ ಒಂದು ಕಡೆ, ಓದಿದವರು ಲ್ಯಾಟಿನ್ನಿಂದ ತಂದ್ಕೊಂಡ ಕೇನೈನ್, ಎಕ್ವೈನ್, ಪೋರ್ಸೈನ್ ಇನ್ನೊಂದು ಕಡೆ. ಇಲಾಖೆ, ಆಸ್ಪತ್ರೆ, ಸಂಶೋಧನೆ ಬಂದಾಗ ಎರಡನೇ ಸಾಲಿನವು ಎದ್ದು ನಿಲ್ತವೆ. ಪೊಲೀಸ್ ನಾಯಿಗಳಿಗೆ ಕೆ-ನೈನ್ ಅಂತ ಬರೀತಾರಲ್ಲ, ಕೆ ಅಕ್ಷರ ಮತ್ತೆ 9 ಅನ್ನೋ ಅಂಕಿ, ಅದು ಬೇರೇನಲ್ಲ, ಕೇನೈನ್ ಅನ್ನೋದನ್ನೇ ಜೋರಾಗಿ ಓದಿ ಬರೆದಿದ್ದು. ಡೆಕ್ಕಿನ ಕೇನೈನ್ ಕಾರ್ಡಲ್ಲಿ ಇದನ್ನ ಹಾಕಿದ್ರೆ ಒಂದೇ ಸಲಕ್ಕೆ ಅಂಟ್ಕೊಳ್ತಿತ್ತು, ಬದಲಿಗೆ ಕೊಟ್ಟಿರೋ ವಾಕ್ಯ ಏನಪ್ಪಾ ಅಂದ್ರೆ ಅವನಿಗೆ ಕೇನೈನ್ ಗೆಳೆಯ ಇದ್ದಾನೆ ಅಂತ. ಯಾರು ಹಂಗೆ ಮಾತಾಡ್ತಾರೆ ಸ್ವಾಮಿ.

ಲ್ಯಾಬಿನ ಕಡೆಗೆ ಬಂದ್ರೆ ಬೋವೈನ್, ಓವೈನ್, ಪೋರ್ಸೈನ್, ಮ್ಯೂರೈನ್, ಎಕ್ವೈನ್ ಈ ಐದು ದಿನನಿತ್ಯದ ಕೂಲಿ ಪದಗಳು. ಇವಕ್ಕೆ ಒಳ್ಳೇ ಉದಾಹರಣೆ ಹುಡುಕೋಕೆ ಕಷ್ಟನೇ ಇಲ್ಲ. 1922ರಲ್ಲಿ ಮೊದಲ ಸಲ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಡೋಕೆ ಶುರು ಮಾಡಿದ ಮೇಲೆ ದಶಕಗಟ್ಟಲೆ ಅದು ಬರ್ತಿದ್ದಿದ್ದು ದನ ಮತ್ತೆ ಹಂದಿಗಳ ಮೇದೋಜೀರಕದಿಂದ, ಹಾಗಾಗಿ ಬಾಟಲಿ ಮೇಲೆ ಬೋವೈನ್ ಅಥವಾ ಪೋರ್ಸೈನ್ ಅಂತ ಬರೆದಿರೋದು ತೀರಾ ಮುಖ್ಯ ಆಗಿತ್ತು. ಮನುಷ್ಯರ ಇನ್ಸುಲಿನ್ನಲ್ಲಿ 51 ಅಮೈನೋ ಆಮ್ಲ, ಪೋರ್ಸೈನ್‌ನಲ್ಲಿ ಬೇರೆ ಇರೋದು ಒಂದೇ ಒಂದು, ಬೋವೈನ್‌ನಲ್ಲಿ ಮೂರು. 1982ರಲ್ಲಿ ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾದಲ್ಲಿ ತಯಾರಿಸೋದಕ್ಕೆ ಒಪ್ಪಿಗೆ ಸಿಕ್ಕಿದ ಮೇಲೆ ಆ ಎರಡು ಪದ ನಿಧಾನಕ್ಕೆ ಹಿಂದೆ ಸರಿದವು. ಹೃದಯದ ಕವಾಟ ಬದಲಾಯಿಸುವಾಗ ಇವತ್ತೂ ಪೋರ್ಸೈನ್ ವಾಲ್ವ್ ಹಾಕ್ತಾರೆ. ಅಲ್ಲಿ ಆ ಪದದಲ್ಲಿ ಅವಮಾನದ ವಾಸನೆನೂ ಇಲ್ಲ. ಅದೇ ಪದವನ್ನ ಒಬ್ಬರ ಮುಖಕ್ಕೋ ಕಣ್ಣಿಗೋ ಅನ್ವಯಿಸಿ, ಪೋರ್ಸೈನ್ ಐಸ್ ಅಂತ ಬರೀರಿ, ಅದು ಕಥೆಗಾರ ಆ ಪಾತ್ರವನ್ನ ಹೀನಾಯವಾಗಿ ನೋಡ್ತಿದಾನೆ ಅಂತಲೇ ಅರ್ಥ. ಬೋವೈನ್ ಕೂಡ ಹಂಗೇ. 1986ರಲ್ಲಿ ಬ್ರಿಟನ್ನಲ್ಲಿ ಗುರುತಿಸಿದ ದನಗಳ ಮೆದುಳಿನ ರೋಗ, ಜನ ಮ್ಯಾಡ್ ಕೌ ಅಂತ ಕರೆದಿದ್ದು, ಅದರ ಅಧಿಕೃತ ಹೆಸರು ಶುರುವಾಗೋದೇ ಬೋವೈನ್ ಅಂತ, ಅಲ್ಲಿ ಅದು ಶುದ್ಧ ವೈಜ್ಞಾನಿಕ. ಬೋವೈನ್ ಎಕ್ಸ್‌ಪ್ರೆಶನ್ ಅಂದ್ರೆ ಮಾತ್ರ ಮೆಲುಕು ಹಾಕ್ತಾ ನಿಂತ ಮಂದ ಮುಖ, ಏನು ಹೇಳಿದ್ರೂ ತಲೆಗೆ ಹೋಗದವನು. ನಮ್ಮಲ್ಲಿ ಹಸು ಅಂದ್ರೆ ಸಾಧು, ಪಾಪದವರು, ಬೈಗುಳಕ್ಕೆ ಎಮ್ಮೆ ಕೋಣ ಬೇಕು. ಹಾಗಾಗಿ ಕನ್ನಡ ತಲೆ ಇಟ್ಕೊಂಡು ಬೋವೈನ್ ಅನ್ನ ಸೌಮ್ಯ ಅಂತ ಅಂದ್ಕೊಳ್ಳೋ ಸಾಧ್ಯತೆ ಜಾಸ್ತಿ, ಕಾರ್ಡಲ್ಲಿ ಇದನ್ನ ಎಚ್ಚರಿಸಬೇಕಿತ್ತು.

ಮ್ಯೂರೈನ್‌ಗೆ ಮಾತ್ರ ಎರಡನೇ ಅರ್ಥದ ಗೋಜೇ ಇಲ್ಲ, ಯಾರನ್ನೂ ಮ್ಯೂರೈನ್ ಅಂತ ಬೈಯಲ್ಲ. ಇಲಿ ಮೇಲೆ ಮಾಡಿದ ಪ್ರಯೋಗದ ಪೇಪರಲ್ಲಿ ಸಿಗತ್ತೆ, ಇಲಿಯ ಚಿಗಟದಿಂದ ಹರಡೋ ಮ್ಯೂರೈನ್ ಟೈಫಸ್ ಅನ್ನೋ ಜ್ವರದ ಹೆಸರಲ್ಲಿ ಸಿಗತ್ತೆ, ಅಷ್ಟೇ. ಓವೈನ್ ಕುರಿಯದ್ದು, ಮೊಟ್ಟೆ ಅಂಡಾಣುಗಳ ಓವಮ್‌ಗೂ ಇದಕ್ಕೂ ಏನೂ ಇಲ್ಲ, ಕ್ವಿಜ್‌ನಲ್ಲಿ ಮೊಟ್ಟೆ ಅಂತ ಒಂದು ಆಯ್ಕೆ ಕೊಟ್ಟು ಬೀಳಿಸ್ತಾರೆ, ಅದು ಚೆನ್ನಾಗಿದೆ. ಸರ್ವೈನ್ ಅಂದ್ರೆ ಜಿಂಕೆಯದ್ದು, ಡಾಕ್ಟರ್ ಹೇಳೋ ಸರ್ವೈಕಲ್ ಕುತ್ತಿಗೆದು, ಇದೂ ಹಂಗೇ ಬೀಳಿಸೋ ಜೋಡಿ.

ಡೆಕ್ ಮಾಡಿದವರ ಕಣ್ಣಿಗೆ ಬೀಳದೇ ಹೋದ ಎಲ್ಲಕ್ಕಿಂತ ದೊಡ್ಡ ಪದ ಯಾವುದು ಗೊತ್ತಾ? ವ್ಯಾಕ್ಸೀನ್. ಹೌದು, ಲಸಿಕೆ. ಲ್ಯಾಟಿನ್ನಲ್ಲಿ ವಾಕ್ಕಾ ಅಂದ್ರೆ ಹಸು, ವ್ಯಾಕ್ಸಿನಸ್ ಅಂದ್ರೆ ಹಸುವಿನದ್ದು. ಎಡ್ವರ್ಡ್ ಜೆನ್ನರ್ 1798ರಲ್ಲಿ ತನ್ನ ಪ್ರಯೋಗಗಳನ್ನ ಪ್ರಕಟಿಸಿದಾಗ ದನದ ಸಿಡುಬಿಗೆ ವೇರಿಯೋಲೇ ವ್ಯಾಕ್ಸಿನೇ ಅಂತ ಕರೆದ, ಅಂದ್ರೆ ಹಸುವಿನ ಸಿಡುಬು. ಆ ವಿಶೇಷಣನೇ ಮೆಲ್ಲಗೆ ನಾಮಪದ ಆಯ್ತು. ಆಮೇಲೆ 1881ರಲ್ಲಿ ಲೂಯಿ ಪಾಶ್ಚರ್ ಜೆನ್ನರ್ ಗೌರವಕ್ಕೆ ಎಲ್ಲಾ ರೋಗಗಳ ಇಂಥ ಚುಚ್ಚುಮದ್ದಿಗೂ ಇದೇ ಹೆಸರಿರಲಿ ಅಂದ, ಅವತ್ತಿಂದ ಹಸು ಅದರಿಂದ ಮಾಯ. ಬೋವೈನ್ ಕಾರ್ಡಿನ ಪಕ್ಕದಲ್ಲೇ ಇರಬೇಕಿದ್ದ ಪದ ಇದು, ಇದೇ ಬಾಲ, ಇದೇ ಪ್ರಾಣಿ, ಕತ್ತೆಯ ವಿಶೇಷಣ ಆಸಿನೈನ್‌ಗಿಂತ ನೂರು ಪಾಲು ಜಾಸ್ತಿ ಬಳಕೆ. ಪ್ರಾಣಿ ಪದಗಳ ಡೆಕ್ ಅಂತ ಹೇಳ್ಕೊಂಡು ಇದನ್ನ ಬಿಟ್ಟಿದ್ದು ನಂಗೆ ಬೇಜಾರು.

ಕಥೆ ಕಾದಂಬರಿ ಕಡೆಯ ಪದಗಳಿಗೆ ಬರೋಣ. ಲಿಯೊನೈನ್ ಅಂದ್ರೆ ಸಿಂಹದಂಥ, ದಟ್ಟ ಕೂದಲು, ದೊಡ್ಡ ತಲೆ, ಗಾಂಭೀರ್ಯ, ಪಕ್ಕಾ ಹೊಗಳಿಕೆ. ಆದ್ರೆ ವೈದ್ಯಕೀಯ ಪುಸ್ತಕಕ್ಕೆ ಹೋದ್ರೆ ಕುಷ್ಠರೋಗದಲ್ಲಿ ಮುಖದ ಚರ್ಮ ದಪ್ಪವಾಗಿ ಮಡಿಕೆ ಬೀಳೋದಕ್ಕೂ ಲಿಯೊನೈನ್ ಅಂತಲೇ ಹೆಸರು. ಒಂದೇ ಪದ, ಒಂದು ಕಡೆ ಕಿರೀಟ ಇನ್ನೊಂದು ಕಡೆ ರೋಗಲಕ್ಷಣ. ಆಕ್ವಿಲೈನ್ ಹದ್ದಿನದ್ದು, ಆದ್ರೆ ಹದ್ದಿನ ಬಗ್ಗೆ ಮಾತಾಡುವಾಗ ಇದನ್ನ ಬಳಸೋದು ಅಪರೂಪ, ಇದು ಮನುಷ್ಯರ ಮೂಗಿಗೇ ಮೀಸಲು, ಕೊಕ್ಕಿನ ಹಾಗೆ ಬಾಗಿದ ಗಿಣಿಮೂಗು. ನಾವು ಗಿಣಿ ಅಂತೀವಿ ಅವರು ಹದ್ದು ಅಂತಾರೆ. ವಲ್ಪೈನ್ ನರಿಯದ್ದು, ಕುತಂತ್ರದ ಮುಖಕ್ಕೆ ಹೇಳೋದು, ನರಿಬುದ್ಧಿ ಅನ್ನೋ ನಮ್ಮ ಮಾತಿಗೆ ಬಹಳ ಹತ್ತಿರ ಹಾಗಾಗಿ ಅದನ್ನ ಕಲಿಯೋಕೆ ಕಾರ್ಡೇ ಬೇಡ. ಲೂಪೈನ್ ತೋಳದ್ದು, ಹಸಿವು ಕ್ರೌರ್ಯ ಎರಡೂ ಸೇರಿರತ್ತೆ, ಇದೇ ಬೇರಿನ ಲೂಪಿನ್ ಅನ್ನೋ ಹೂವಿನ ಗಿಡ ಬೇರೆ ಇದೆ. ಫೀಲೈನ್ ಮಾತ್ರ ಅದೃಷ್ಟವಂತ ಪದ, ಲ್ಯಾಬಲ್ಲೂ ಸಲ್ಲತ್ತೆ, ನಾಟ್ಯದವರ ನಡಿಗೆಗೂ ಸಲ್ಲತ್ತೆ, ಫೀಲೈನ್ ಗ್ರೇಸ್ ಅಂದ್ರೆ ಸದ್ದಿಲ್ಲದ, ಬಳುಕೋ, ಸೋಮಾರಿತನದ ಹಿಂದೆ ಚುರುಕು ಇಟ್ಕೊಂಡಿರೋ ಚೆಲುವು. ಡೆಕ್ ಈ ಪದಕ್ಕೆ ಕೊಟ್ಟಿರೋ ವಾಕ್ಯ ಮಾತ್ರ ಒಪ್ಪೋ ಹಾಗಿದೆ, ಅದನ್ನ ಬರೆದವರೇ ಉಳಿದಿದ್ದನ್ನೂ ಬರೀಬೇಕಿತ್ತು.

ಆಸಿನೈನ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಮೂಲ ಅಸಿನಸ್, ಕತ್ತೆ. ಕಾರ್ಡ್ ಹೇಳೋದು ಕತ್ತೆಗೆ ಸಂಬಂಧಿಸಿದ ಅಥವಾ ಕತ್ತೆಯಂಥ. ಆದ್ರೆ ಇವತ್ತಿನ ಇಂಗ್ಲಿಷಲ್ಲಿ ಕತ್ತೆ ಬಗ್ಗೆ ಯಾರೂ ಆಸಿನೈನ್ ಅಂತ ಹೇಳೋದೇ ಇಲ್ಲ ಅನ್ನೋ ಮಟ್ಟಿಗೆ ಅದರ ಪ್ರಾಣಿ ಅರ್ಥ ಒಣಗಿಹೋಗಿದೆ. ಉಳಿದಿರೋದು ಶುದ್ಧ ಬೈಗುಳ, ಶತದಡ್ಡತನ. ಅದೂ ಮನುಷ್ಯರಿಗಿಂತ ಹೆಚ್ಚಾಗಿ ಪ್ರಶ್ನೆಗೆ, ನಿಯಮಕ್ಕೆ, ಹೇಳಿಕೆಗೆ ಹಾಕೋದು, ಆಸಿನೈನ್ ರೂಲ್, ಆಸಿನೈನ್ ಕಾಮೆಂಟ್. ಆಫೀಸ್ ಈಮೇಲಲ್ಲಿ ಯಾರಾದ್ರೂ ಈ ಪದ ಬರೆದ್ರೆ ಜಗಳ ಗ್ಯಾರಂಟಿ. ಇದನ್ನ ಎಕ್ವೈನ್ ಪಕ್ಕದಲ್ಲಿ, ಕುದುರೆ ಚಿತ್ರದ ಪಕ್ಕ ಮುದ್ದಾದ ಕತ್ತೆ ಚಿತ್ರ ಹಾಕಿ ಇಟ್ಟಿದಾರೆ. ಎರಡೂ ಒಂದೇ ತೂಕದ ಪದ ಅನ್ನೋ ಹಾಗೆ. ಎಕ್ವೈನ್ ಅಂದ್ರೆ ಕುದುರೆ ಡಾಕ್ಟರ ಬೋರ್ಡ್ ಮೇಲಿರೋ ಮರ್ಯಾದಸ್ಥ ಪದ, ಆಸಿನೈನ್ ಬಾಯಿಬಿಟ್ಟು ಹೇಳಿದ್ರೆ ವಾಪಸ್ ತಗೊಳ್ಳೋಕಾಗದ ಪದ. ಇದು ಸಣ್ಣ ವ್ಯತ್ಯಾಸ ಅಲ್ಲ.

ಎಲಿಫ್ಯಾಂಟೈನ್, ಸರ್ಪೆಂಟೈನ್ ಎರಡಕ್ಕೂ ಪ್ರಾಣಿಗಿಂತ ಆಕಾರವೇ ಮುಖ್ಯ. ಮೊದಲನೇದು ಭಾರಿ, ಹೊರಲಾರದ, ನಿಧಾನ. ಎರಡನೇದು ಅಂಕುಡೊಂಕು, ರಸ್ತೆಗೆ, ನದಿಗೆ, ಉದ್ದದ ಕ್ಯೂಗೆ. ಲಂಡನ್ನಿನ ಹೈಡ್ ಪಾರ್ಕಲ್ಲಿ 1730ರಲ್ಲಿ ರಾಣಿ ಕ್ಯಾರೊಲಿನ್ ಹೇಳಿ ಮಾಡಿಸೋಕೆ ಶುರು ಮಾಡಿದ ಬಾಗಿದ ಕೆರೆಗೆ ಸರ್ಪೆಂಟೈನ್ ಅಂತಲೇ ಹೆಸರು, ಒಂದು ಹಸಿರು ಕಲ್ಲಿಗೂ ಅದೇ ಹೆಸರು. ಹಾವಿಗೆ ಸಂಬಂಧಪಟ್ಟ ವಿಜ್ಞಾನದ ಮಾತು ಬೇಕಾದ್ರೆ ಬೇರೆ ಪದ ಹುಡುಕ್ತಾರೆ. ಹಕ್ಕಿ ನೋಡೋ ಹವ್ಯಾಸ ಇರೋರಿಗೆ ಪ್ಯಾಸರೈನ್ ಅನ್ನೋದು ಗೊತ್ತಿರತ್ತೆ, ಮೂಲದಲ್ಲಿ ಗುಬ್ಬಿ, ಈಗ ಜಗತ್ತಿನ ಹಕ್ಕಿ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೇರಿರೋ ಒಂದು ದೊಡ್ಡ ಗಣದ ಹೆಸರು. ಕಾರ್ಡಲ್ಲಿ ಗುಬ್ಬಿಯಂಥ ಅಂತ ಬರೆದು ಕೈ ತೊಳ್ಕೊಂಡಿದಾರೆ. ಕಾಗೆ ಕೂಡ ಪ್ಯಾಸರೈನ್ ಹಕ್ಕಿನೇ ಕಣ್ರೀ, ಅದನ್ನ ಗುಬ್ಬಿಯಂಥ ಅಂತ ಹೆಂಗೆ ಹೇಳೋದು.

ಇನ್ನೊಂದು ದೊಡ್ಡ ಕೊರತೆ, ಇದೇ ಪ್ರಾಣಿಗಳಿಗೆ ಇಂಗ್ಲಿಷಿನ ಸ್ವಂತ ಬಾಲ ಹಚ್ಚಿದ ಇನ್ನೊಂದು ಸಂಸಾರ ಇದೆ, ಶೀಪಿಶ್, ಬುಲ್ಲಿಶ್, ಬೇರಿಶ್, ವುಲ್ಫಿಶ್, ಮ್ಯೂಲಿಶ್, ಕ್ಯಾಟಿ, ಮೌಸಿ. ಅವುಗಳ ಸುದ್ದಿನೇ ಡೆಕ್ಕಲ್ಲಿಲ್ಲ. ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮಾತ್ರ ಲ್ಯಾಟಿನ್ ಬಾಲದ ಬೆಲೆ ಗೊತ್ತಾಗೋದು. ಓವೈನ್ ಅಂದ್ರೆ ಕುರಿಯ ರೋಗ, ಕುರಿಯ ತಳಿ. ಶೀಪಿಶ್ ಅಂದ್ರೆ ಕದ್ದು ಸಿಕ್ಕಿಬಿದ್ದವನ ಪೆಚ್ಚು ನಗು. ಫೀಲೈನ್ ಚೆಲುವಿಗೆ, ಕ್ಯಾಟಿ ಅನ್ನೋದು ಬೆನ್ನ ಹಿಂದೆ ಚುಚ್ಚಿ ಆಡೋ ಮಾತಿಗೆ. ಮ್ಯೂರೈನ್ ಪ್ರಯೋಗಾಲಯಕ್ಕೆ, ಮೌಸಿ ಅಂದ್ರೆ ಯಾರ ಕಣ್ಣಿಗೂ ಬೀಳದ ಹಾಗೆ ಮೂಲೇಲಿರೋ ವ್ಯಕ್ತಿಗೆ. ಷೇರು ಪೇಟೆ ಏರತ್ತೆ ಅಂತ ನಂಬೋನು ಬುಲ್ಲಿಶ್, ಅವನನ್ನ ಹೋರಿಯ ಲ್ಯಾಟಿನ್ ವಿಶೇಷಣ ಹಿಡಿದು ಟಾರೈನ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಇಳಿಯತ್ತೆ ಅನ್ನೋನು ಬೇರಿಶ್, ಅರ್ಸೈನ್ ಅಂದ್ರೆ ಮೈ ತುಂಬಾ ಕೂದಲಿರೋ ದೊಡ್ಡ ಆಳು. ಒಂದೇ ಪ್ರಾಣಿ, ಎರಡು ಬಾಲ, ಎರಡು ಬೇರೆ ಪ್ರಪಂಚ. ಪರೀಕ್ಷೆ ಮಾಡೋರು ಕೇಳೋದೂ ಇಂಥ ಜೋಡಿಗಳನ್ನೇ.

ಆಡಿಯೋ ಬಗ್ಗೆ. ಚೆನ್ನಾಗಿದೆ, ಸ್ಪಷ್ಟ, ಆತುರ ಇಲ್ಲ. ಬಾಲದ ಉಚ್ಚಾರಣೆ ಪ್ರಾಣಿ ಪದಗಳಲ್ಲಿ ಸಾಮಾನ್ಯವಾಗಿ ಐನ್, ಅದೊಂದು ಸಮಾಧಾನ. ಆದ್ರೆ ಎರಡನೇ ಭಾಗ ಅಂತ ಪ್ರಾಣಿ ಅಲ್ಲದ ಪದಗಳ ಒಂದು ಎಕ್ಸ್‌ಟ್ರಾ ಪ್ಯಾಕ್ ಇದೆ, ಅಲ್ಲಿ ಪೂರಾ ಕಲಸುಮೇಲೋಗರ. ಡಿವೈನ್, ಆಲ್ಪೈನ್ ಅಂತ ಐನ್. ಮರೀನ್, ಪ್ರಿಸ್ಟೀನ್ ಅಂತ ಈನ್. ಫೆಮಿನಿನ್, ಜೆನ್ಯುಯಿನ್, ಸ್ಯಾಂಗ್ವಿನ್ ಅಂತ ಬರೀ ಇನ್. ಬರೆಯೋದು ಒಂದೇ, ಓದೋದು ಮೂರು ಥರ. ಇಂಗ್ಲಿಷ್ ಅಕ್ಷರ ನೋಡ್ಕೊಂಡು ಕೂತ್ರೆ ಯಾವುದು ಯಾವುದು ಅಂತ ತಿಳಿಯಲ್ಲ, ಕನ್ನಡದಲ್ಲಿ ಬರ್ಕೊಂಡ್ರೆ ತಕ್ಷಣ ಬೇರೆ ಬೇರೆ ಕಾಣತ್ತೆ, ನಮ್ಮ ಲಿಪಿಗೆ ಈ ವಿಷಯದಲ್ಲಿ ದೊಡ್ಡ ನಮಸ್ಕಾರ. ಸರ್ಪೆಂಟೈನ್‌ನ ಅಮೆರಿಕದವರು ಸರ್ಪೆಂಟೀನ್ ಅಂತಾರೆ, ಡೆಕ್ಕಲ್ಲಿ ಬ್ರಿಟಿಷ್ ಧ್ವನಿ ಒಂದೇ ಇರೋದು, ಇನ್ನೊಂದು ಸೇರಿಸಿದ್ರೆ ಒಳ್ಳೇದಿತ್ತು.

ಆ ಎಕ್ಸ್‌ಟ್ರಾ ಪ್ಯಾಕಲ್ಲಿ ನಂಗೆ ಇಷ್ಟವಾಗಿದ್ದು ಎರಡೇ ಕಾರ್ಡು. ಒಂದು ಸ್ಯಾಂಗ್ವಿನ್, ಮೂಲ ಸ್ಯಾಂಗ್ವಿಸ್ ಅಂದ್ರೆ ರಕ್ತ, ಆದ್ರೆ ಇವತ್ತಿನ ಅರ್ಥ ಆಶಾವಾದಿ, ಎಲ್ಲಾ ಒಳ್ಳೇದಾಗತ್ತೆ ಅನ್ನೋ ಮನಸ್ಸು. ಮೈಯಲ್ಲಿ ನಾಲ್ಕು ದ್ರವ ಇರತ್ತೆ, ರಕ್ತ ಜಾಸ್ತಿ ಇದ್ದೋರು ಉಲ್ಲಾಸದ ಸ್ವಭಾವದವರು ಅಂತ ಹಳೇ ಯುರೋಪಿನ ವೈದ್ಯರು ನಂಬಿದ್ರು, ಆ ವೈದ್ಯ ಹೋಯ್ತು ಪದ ಉಳೀತು. ನಮ್ಮ ವಾತ ಪಿತ್ತ ಕಫ ಗೊತ್ತಿರೋರಿಗೆ ಈ ಜಾಡು ಸುಲಭ. ಇನ್ನೊಂದು ಸಲೈನ್, ಆಸ್ಪತ್ರೇಲಿ ನರಕ್ಕೆ ಏರಿಸೋ ಅದೇ ಸಲೈನ್, ಅದೂ ಮೂಲದಲ್ಲಿ ಉಪ್ಪಿನ ಅನ್ನೋ ವಿಶೇಷಣ, ಬಾಟಲಿ ಹೆಸರಲ್ಲ.

ಕೆಮಿಸ್ಟ್ರಿಯವರು ಇದೇ ಬಾಲವನ್ನ ಎತ್ಕೊಂಡು ಹೋಗಿ ನಾಮಪದಕ್ಕೆ ಅಂಟಿಸಿದ ಕಥೆ ಡೆಕ್ಕಲ್ಲಿ ಇಲ್ಲ, ಇರ್ಬೇಕಿತ್ತು, ಯಾಕಂದ್ರೆ ಕಲಿಯೋನಿಗೆ ಗೊಂದಲ ಆಗೋದೇ ಅಲ್ಲಿ. 1810ರಲ್ಲಿ ಹಂಫ್ರಿ ಡೇವಿ ಒಂದು ಹಳದಿ ಹಸಿರು ಅನಿಲಕ್ಕೆ ಆ ಬಣ್ಣದ ಗ್ರೀಕ್ ಪದ ಹಿಡಿದು ಕ್ಲೋರಿನ್ ಅಂತ ಹೆಸರಿಟ್ಟ, ಅದೇ ಬಳಗದ ಬ್ರೋಮಿನ್, ಅಯೋಡಿನ್, ಫ್ಲೋರಿನ್ ಎಲ್ಲಕ್ಕೂ ಅದೇ ಬಾಲ. ಆ ಕಡೆ ಕೆಫೀನ್, ಕ್ವಿನೈನ್, ಮಾರ್ಫೀನ್. ಇವ್ಯಾವೂ ವಿಶೇಷಣ ಅಲ್ಲ. ಟಾರೀನ್ ಅನ್ನೋದು ಎರಡೂ ದೋಣಿಲಿ ಕಾಲಿಟ್ಟಿದೆ. ಎನರ್ಜಿ ಡ್ರಿಂಕ್ ಡಬ್ಬದ ಮೇಲೆ ಕಾಣೋ ಟಾರೀನ್ ಅನ್ನೋ ರಾಸಾಯನಿಕವನ್ನ ಟೀಡೆಮಾನ್ ಮತ್ತೆ ಗ್ಮೆಲಿನ್ ಅನ್ನೋರು 1827ರಲ್ಲಿ ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದ್ರು, ಹಾಗಾಗಿ ಹೋರಿಯ ಲ್ಯಾಟಿನ್ ಹೆಸರು ಟಾರಸ್ ಅದಕ್ಕೆ ಬಂತು. ಅದೇ ಕಾಗುಣಿತವನ್ನ ಟಾರೈನ್ ಅಂತ ಓದಿದ್ರೆ ಹೋರಿಯಂಥ ಅನ್ನೋ ವಿಶೇಷಣ. ಡೆಕ್ಕಲ್ಲಿ ಕಾರ್ಡಿನ ಅರ್ಥ ವಿಶೇಷಣದ್ದು, ಆಡಿಯೋ ಮಾತ್ರ ಡಬ್ಬದ ಟಾರೀನ್‌ದು! ಇಂಥದ್ದು ಮಾಡಿದವರಿಗೇ ಕೇಳಿಸ್ಲಿಲ್ವಾ ಅಂತ.

ಅದಕ್ಕಿಂತ ಮಜಾ ಪೋರ್ಕ್ಯುಪೈನ್ ಕಾರ್ಡು. ಮುಳ್ಳುಹಂದಿ. ಇದನ್ನೂ ವಿಶೇಷಣಗಳ ಜೊತೆ ಸೇರಿಸಿದಾರೆ, ಕೊನೇಲಿ ಐ ಎನ್ ಇ ಕಂಡಿದ್ದೇ ತಡ ಎಳೆದು ಹಾಕಿದಾರೆ ಅನ್ಸತ್ತೆ. ಅದು ನಾಮಪದ, ಅದರ ಬಾಲ ಮುಳ್ಳು ಅನ್ನೋ ಲ್ಯಾಟಿನ್ ಸ್ಪೀನಾ ಇಂದ ಬಂದಿದ್ದು, ಹಂದಿ ಮತ್ತೆ ಮುಳ್ಳು ಸೇರಿ ಆದ ಪದ, ಥೇಟ್ ನಮ್ಮ ಮುಳ್ಳುಹಂದಿ ಥರಾನೇ. ಇನ್ನು ಎಲ್ಲಾ ಪ್ರಾಣಿಗೂ ಈ ಬಾಲ ಬರತ್ತೆ ಅನ್ನೋ ಭ್ರಮೆ ಹುಟ್ಟೋ ಹಾಗೆ ಪೀಠಿಕೆ ಬರೆದಿದಾರೆ, ಅದೂ ಸರಿಯಿಲ್ಲ. ಕೋತಿಗೆ ಸಿಮಿಯನ್, ಹಕ್ಕಿಗೆ ಏವಿಯನ್, ಸರೀಸೃಪಕ್ಕೆ ರೆಪ್ಟಿಲಿಯನ್, ಅವೆಲ್ಲ ಬೇರೆ ಬಾಲದವು.

ಕ್ವಿಜ್ ಮೇಲೆ ಜಾಸ್ತಿ ಹೇಳೋಕಿಲ್ಲ. ಪದ ಕೊಟ್ಟು ಪ್ರಾಣಿ ಆರಿಸಿ, ಪ್ರಾಣಿ ಕೊಟ್ಟು ಪದ ಆರಿಸಿ, ಮುಗೀತು. ವಾಕ್ಯ ಕೊಟ್ಟು ಇಲ್ಲಿ ಬೋವೈನ್ ಬೈಗುಳನಾ ವಿಜ್ಞಾನನಾ ಅಂತ ಒಂದೇ ಒಂದು ಪ್ರಶ್ನೆ ಹಾಕಿದ್ರೂ ಡೆಕ್ಕಿನ ಮಟ್ಟ ಒಂದು ಮೆಟ್ಟಿಲು ಏರ್ತಿತ್ತು. ಹುಡುಕೋ ವ್ಯವಸ್ಥೆನೂ ಇಲ್ಲ, ಕ್ಯಾಪ್ರೈನ್ ಮೇಕೆದಾ ಹರ್ಸೈನ್ ಮೇಕೆದಾ ಅಂತ ಅನುಮಾನ ಬಂದ್ರೆ ಕಾರ್ಡುಗಳನ್ನ ಒಂದೊಂದಾಗಿ ಸರಿಸ್ತಾ ಹೋಗ್ಬೇಕು. ಎರಡೂ ಮೇಕೆದೇ ಅಂದ್ಕೊಳ್ಳಿ, ಮೊದಲನೇದು ಪಶುವೈದ್ಯರ ಪದ, ಎರಡನೇದು ಹೋತದ ಗಬ್ಬು ವಾಸನೆ ಇರೋ ಪದ, ಅದನ್ನೂ ಕಾರ್ಡ್ ಹೇಳಲ್ಲ.

ಸ್ಟಾರ್ ಕೊಡ್ಲೇಬೇಕು ಅಂದ್ರೆ ಐದಕ್ಕೆ ಮೂರು. ಪದಗಳ ಆಯ್ಕೆ, ಮೂಲದ ಸಾಲು, ಧ್ವನಿ, ಜಾಹೀರಾತು ಇಲ್ಲದಿರೋದು, ಇವಕ್ಕೆ ಆ ಮೂರು. ಪಶುವೈದ್ಯಕೀಯ, ಬಯಾಲಜಿ ಓದೋ ಹುಡುಗರಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಅವರಿಗೆ ಸಂಬಂಧಿಸಿದ ಅನ್ನೋ ಅರ್ಥ ಸಾಕು. ಕಥೆ ಕಾದಂಬರಿ ಓದೋಕೆ, ಇಂಗ್ಲಿಷಲ್ಲಿ ಬರೆಯೋಕೆ ಅಂತ ತಗೊಳ್ಳೋರು ಮಾತ್ರ ಜೊತೇಲಿ ಒಳ್ಳೇ ಉದಾಹರಣೆಗಳಿರೋ ಡಿಕ್ಷನರಿ ಇಟ್ಕೊಳ್ಳಿ, ಪ್ರತಿ ಕಾರ್ಡಿನ ನೋಟಲ್ಲಿ ಲ್ಯಾಬ್, ಹೊಗಳಿಕೆ, ಬೈಗುಳ ಈ ಮೂರರಲ್ಲಿ ಯಾವುದು ಅಂತ ಒಂದು ಪದ ಬರ್ಕೊಳ್ಳಿ. ನೋಟ್ ಬರ್ಕೊಂಡ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಆನ್ ಮಾಡೋದು ಮರೀಬೇಡಿ, ಅದು ಮೊದಲಿಂದ ಆಫ್ ಆಗೇ ಇರತ್ತೆ, ಫೋನ್ ಬದಲಾಯಿಸಿದ್ರೆ ಬರೆದಿದ್ದೆಲ್ಲ ಹೋಗತ್ತೆ.